ಕಪ್ಪತಗುಡ್ಡದ ವಸಂತ: ಜಲಧಾರೆ ಅರಸುವ ಛಾಯಾಗ್ರಾಹಕರಿಗೆ ಸಿಗುವುದೇನು?

ಗದಗ: ಯುಗಾದಿಯ ಆಸುಪಾಸಿನಲ್ಲಿ ಕ್ಯಾಮೆರಾ ಹೆಗಲಿಗೇರಿಸಿ ಕಪ್ಪತಗುಡ್ಡದ ದಾರಿ ಹಿಡಿಯುವವರು ಮೊದಲು ಒಂದು ಸಂಗತಿ ಅರಿತಿರಬೇಕು. ಪ್ರವಾಸ ಪುಟಗಳಲ್ಲಿ ಕಾಣುವ ಹಸಿರು ಹೊದ್ದ ಗುಡ್ಡ, ಬಂಡೆಯಿಂದ ಇಳಿಯುವ ನೀರು ಆಗ ಅಲ್ಲಿ ಇರುವುದಿಲ್ಲ. ಹಿಮ ಕರಗಿ ಝರಿ ಹರಿಯುವ ವಸಂತ ಹಿಮಾಲಯದ್ದು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಚಾಚಿರುವ ಈ ಗುಡ್ಡಸಾಲಿನ ವಸಂತವೆಂದರೆ ಒಣಹುಲ್ಲು, ಕೆಮ್ಮಣ್ಣು ಮತ್ತು ಎಲೆ ಕಳಚಿದ ಮರ.

ಹಾಗೆಂದು ಬರಿಗೈಯಲ್ಲಿ ಮರಳಬೇಕಿಲ್ಲ. ಫೆಬ್ರುವರಿ-ಮಾರ್ಚ್ ಮುತ್ತುಗದ ಕಾಲ, ಏಪ್ರಿಲ್-ಮೇ ಕಕ್ಕೆಯ ಕಾಲ. ಮುತ್ತುಗದ ಕೆಂಗೇಸರಿ ಬಣ್ಣ ಡಿಜಿಟಲ್ ಕ್ಯಾಮೆರಾವನ್ನು ಸುಲಭವಾಗಿ ಮೋಸಗೊಳಿಸುತ್ತದೆ. ಕೆಂಪು ಅತಿಯಾಗಿ ದಾಖಲಾಗಿ ದಳಗಳ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ ತಗ್ಗಿಸಿ, ಬೆಳಿಗ್ಗೆ ಎಂಟರೊಳಗೆ ಚಿತ್ರ ತೆಗೆದರೆ ಈ ತೊಂದರೆ ಇರದು.

ನೀರಿನ ಚಿತ್ರಕ್ಕೆ ಮಳೆಗಾಲವನ್ನೇ ಕಾಯಬೇಕು. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳದು. ಇಲ್ಲಿನ ಹಳ್ಳಗಳು ಜೋರು ಮಳೆಯಾದಾಗ ಹರಿದು ಬೇಗನೆ ಬತ್ತುತ್ತವೆ. ಇವನ್ನು ಜೋಗದೊಡನೆ ಹೋಲಿಸುವುದು ತರವಲ್ಲ. ಗದಗ ಸೀಮೆಯ ಶಿಲೆ ಪುರಾತನ ಧಾರವಾಡ ಶಿಲಾಪಟ್ಟಿಗೆ ಸೇರಿದ್ದು, ಕಬ್ಬಿಣದ ಅಂಶವುಳ್ಳದ್ದು. ಹೀಗಾಗಿ ಹೊಸ ನೀರು ಕೆಂಪಗೆ ಹರಿಯುತ್ತದೆ. ಕ್ಯಾಮೆರಾದ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಆ ಕೆಂಪನ್ನು ತೊಳೆದುಹಾಕಲು ಯತ್ನಿಸುತ್ತದೆ. ಅದನ್ನು ಹಗಲು ಬೆಳಕಿನ ಸ್ಥಿತಿಯಲ್ಲಿ ನಿಲ್ಲಿಸುವುದು ಲೇಸು. ನೀರು ರೇಷ್ಮೆಯಂತೆ ಕಾಣಬೇಕೆಂದರೆ ಟ್ರೈಪಾಡ್ ಮೇಲೆ ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗಿನ ಶಟರ್ ವೇಗ ಸಾಕು. ಪೋಲರೈಸರ್ ಇದ್ದರೆ ಒದ್ದೆ ಬಂಡೆಯ ಹೊಳಪು ತಗ್ಗುತ್ತದೆ.

ಹೂವಿಗೆ ಅಡ್ಡಿಯಾಗುವುದು ಗಾಳಿ. ಗುಡ್ಡದ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಇದಕ್ಕೆ ಸಾಕ್ಷಿ. ವಿಷ್ಣುಕ್ರಾಂತಿಯಂಥ ನೆಲಮಟ್ಟದ ನೀಲಿ ಹೂವಿಗೆ ಮೊಣಕೈಯೂರಿ ಮಲಗಿದರೆ ಮೈಯೇ ಗಾಳಿಗೆ ತಡೆಯಾದೀತು. ಎತ್ತರದ ಗಿಡಕ್ಕೆ ಸೆಕೆಂಡಿನ 500ನೇ ಒಂದು ಭಾಗಕ್ಕಿಂತ ನಿಧಾನದ ವೇಗ ಒಗ್ಗದು.

ಇಷ್ಟು ತಾಂತ್ರಿಕ ಮಾತು. ಆದರೆ ಇಲ್ಲಿ ಹೂವು ಇಂದಿಗೂ ಅರಳುತ್ತಿರುವುದಕ್ಕೆ ಹೋರಾಟವೊಂದರ ಹಿನ್ನೆಲೆಯಿದೆ. 2015ರ ಡಿಸೆಂಬರ್‌ನಲ್ಲಿ ಸರ್ಕಾರ 17,872 ಹೆಕ್ಟೇರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಎಂದು ಘೋಷಿಸಿತು. 2016ರ ನವೆಂಬರ್‌ನಲ್ಲಿ ಅದನ್ನು ತಾನೇ ಹಿಂಪಡೆಯಿತು. ಚಿನ್ನದ ಗಣಿಗಾರಿಕೆಗೆ ದಾರಿಯಾದೀತೆಂಬ ಆತಂಕದಿಂದ ಜನ ಬೀದಿಗಿಳಿದರು. 2017ರ ಫೆಬ್ರುವರಿಯಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದಾಳತ್ವದಲ್ಲಿ ಗದುಗಿನಲ್ಲಿ ಧರಣಿ ನಡೆಯಿತು. ಅದೇ ಏಪ್ರಿಲ್‌ನಲ್ಲಿ ಮೀಸಲು ಸ್ಥಾನಮಾನ ಮರಳಿತು. 2019ರಲ್ಲಿ 244 ಚದರ ಕಿ.ಮೀ.ಗೂ ಹೆಚ್ಚು ಪ್ರದೇಶ ವನ್ಯಜೀವಿಧಾಮವಾಯಿತು.

ವನ್ಯಜೀವಿಧಾಮವೆಂದ ಮೇಲೆ ಛಾಯಾಗ್ರಾಹಕರಿಗೂ ಕಟ್ಟುಪಾಡುಗಳುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಛಾಯಾಗ್ರಹಣಕ್ಕೆಂದು ಒಳಹೋಗಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. 30ನೇ ಕಲಂ ಒಳಗೆ ಬೆಂಕಿ ಹೊತ್ತಿಸುವುದನ್ನು ನಿಷೇಧಿಸುತ್ತದೆ. ಬೇಸಿಗೆಯಲ್ಲಿ ಈ ಗುಡ್ಡಕ್ಕೆ ಬೆಂಕಿ ಬೀಳುವುದು ಹೊಸತಲ್ಲ. ಗಾಳಿ ಬಲವಾಗಿರುವಾಗ ಒಂದು ಬೀಡಿಯ ತುಂಡು ಸಾಕು. ಹುಲ್ಲಿನೊಂದಿಗೆ ಮುಂದಿನ ಮಳೆಗೆ ಮೊಳೆಯಬೇಕಾದ ಬೀಜಗಳೂ ಸುಡುತ್ತವೆ.

ಮಳೆಗಾಲದಲ್ಲಿ ಅರಳುವ ಗೌರಿ ಹೂವಿನ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಬೆಂಕಿಯ ನಾಲಗೆಯಂತಿರುವ ಅದರ ದಳಗಳಿಗೆ ಮರುಳಾಗದ ಛಾಯಾಗ್ರಾಹಕರು ವಿರಳ. ಅದರ ವಿಷಕಾರಿ ಗಡ್ಡೆಯಲ್ಲಿ ಔಷಧ ತಯಾರಿಕೆಗೆ ಬೇಕಾದ ಕಾಲ್ಚಿಸಿನ್ ಇರುವುದರಿಂದ ಅಗೆದು ಒಯ್ಯುವವರೂ ಇದ್ದಾರೆ. ಮೊಬೈಲ್‌ನಲ್ಲಿ ತೆಗೆದ ಚಿತ್ರದೊಳಗೆ ಸ್ಥಳದ ಅಕ್ಷಾಂಶ-ರೇಖಾಂಶ ಅಡಗಿರುವುದುಂಟು. ಚಿತ್ರ ಹಂಚುವ ಮೊದಲು ಆ ಮಾಹಿತಿಯನ್ನು ಅಳಿಸಿ, ಅಡಿಬರಹದಲ್ಲಿ ‘ಕಪ್ಪತಗುಡ್ಡ’ ಎಂದಷ್ಟೇ ಬರೆದರೆ ಸಾಕು.