ಕಂಪ್ಯೂಟರ್ ನಿಂತುಹೋದರೆ ಮೊದಲು ಲೆಕ್ಕ ಉಳಿಸಿ

ನಾನು ಓದಿದ್ದು ಏಳನೇ ಕ್ಲಾಸು. ಚಳ್ಳಕೆರೆ ತಾಲ್ಲೂಕಿನ ಕೆಂಪು ನೆಲದಲ್ಲಿ ಆರೂವರೆ ಎಕರೆ ಒಣಬೇಸಾಯ. ಶೇಂಗಾ, ನವಣೆ, ಸಜ್ಜೆ, ನಡುವೆ ತೊಗರಿ ಸಾಲು. ಇಂಥವನು ಕಂಪ್ಯೂಟರ್ ರಿಪೇರಿ ಬಗ್ಗೆ ಬರೆದರೆ ಓದುಗರಿಗೆ ನಗು ಬರಬಹುದು. ಆದರೆ ಈಗ ಸಂಘದ ಲೆಕ್ಕ, ಹಾಲಿನ ಲೆಕ್ಕ, ಮಕ್ಕಳ ಓದು ಅಂತ ಹಳ್ಳಿ ಮನೆಗಳಲ್ಲೂ ಹಳೇ ಕಂಪ್ಯೂಟರ್ ಇವೆ. ಅವು ಕೈಕೊಟ್ಟಾಗ ಪೇಟೆಯಲ್ಲಿ ಸಿಗುವ ಸಲಹೆ ಎರಡೇ. ಒಂದು, ಫಾರ್ಮ್ಯಾಟ್ ಮಾಡಿಸಿ. ಇನ್ನೊಂದು, ಹೊಸದು ತಗೊಳ್ಳಿ. ಎರಡೂ ಬೇಕಿರಲಿಲ್ಲ ಅಂತ ನನಗೆ ತಿಳಿದದ್ದು ಹೇಗೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ.

ಡಬ್ಬದೊಳಗೆ ಏನಿತ್ತು?

ನಮ್ಮೂರಲ್ಲಿ 43 ಮನೆಯವರು ಸೇರಿ ಒಂದು ಬೀಜದ ಸಂಘ ಮಾಡಿಕೊಂಡಿದ್ದೇವೆ. ನವಣೆ, ಸಾಮೆ, ಸಜ್ಜೆ, ಹುರುಳಿ ನಾಟಿ ಬೀಜ. ಬಿತ್ತನೆಗೆ ಎರಡು ಸೇರು ಒಯ್ದವರು ಸುಗ್ಗಿಯಲ್ಲಿ ಮೂರು ಸೇರು ವಾಪಸ್ ಕೊಡಬೇಕು. ಲೆಕ್ಕ ಬರೆಯುವ ಕೆಲಸ ನನ್ನದು. ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆ. 2014ರಲ್ಲಿ ಮಗ ಡಿಪ್ಲೊಮಾ ಓದುವಾಗ ಒಂದು ಕಂಪ್ಯೂಟರ್ ತಂದ. ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಎಕ್ಸೆಲ್‌ನಲ್ಲಿ ಬೀಜದ ಲೆಕ್ಕ, ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಮಳೆ ಲೆಕ್ಕ ಬರೆಯೋದು ಕಲಿತೆ. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷದ ಮಳೆಯೂ ಅದರಲ್ಲಿತ್ತು. ಮರುವರ್ಷ 2023ರ ಬರವೂ ಇತ್ತು.

ನಾನು ಮಾಡಿದ ತಪ್ಪು ಇಲ್ಲೇ. ಕಂಪ್ಯೂಟರ್ ಇದೆಯಲ್ಲ ಅಂತ ಪುಸ್ತಕ ಬರೆಯೋದು ಬಿಟ್ಟೆ. ಹಳೇ ಪುಸ್ತಕಗಳಿಗೆ ಗೆದ್ದಲು ಹಿಡಿಯಿತು. 2023ರಲ್ಲಿ ಬೆಳೆ ಬರದೆ ಎಷ್ಟೋ ಮಂದಿ ಬೀಜ ವಾಪಸ್ ಕೊಡಲಿಲ್ಲ, ಕೆಲವರು ಅರ್ಧ ಕೊಟ್ಟರು. ಬಾಕಿಯನ್ನೆಲ್ಲ ಮುಂದಿನ ವರ್ಷಕ್ಕೆ ಬರೆದುಕೊಂಡಿದ್ದೆ. ಬರೆದುಕೊಂಡದ್ದು ಆ ಒಂದು ಡಬ್ಬದಲ್ಲಿ ಮಾತ್ರ.

ರೋಗ ಶುರುವಾದ ಬಗೆ

2024ರ ಭರಣಿ ಮಳೆ ಹೊತ್ತು. ಮಳೆ ಇಲ್ಲ, ಬರೀ ಬಿಸಿಲು. ಕಂಪ್ಯೂಟರ್ ಆನ್ ಮಾಡಿ ಇಪ್ಪತ್ತು ನಿಮಿಷಕ್ಕೆ ಪರದೆ ಹಾಗೇ ನಿಲ್ಲತೊಡಗಿತು. ಮೌಸ್ ಅಲ್ಲಾಡದು, ಕೀ ಒತ್ತಿದರೆ ಕೇಳದು. ಬಟನ್ ಒತ್ತಿಹಿಡಿದು ಆರಿಸಿ ಮತ್ತೆ ಹಾಕುತ್ತಿದ್ದೆ. ಹದಿನೈದು ದಿನ ಹೀಗೇ ದೂಡಿದೆ. ಒಂದೆರಡು ಸಲ ಸಿಟ್ಟು ಬಂದು ಡಬ್ಬಕ್ಕೆ ಗುದ್ದಿದ್ದೂ ಉಂಟು.

ಒಂದು ದಿನ ಸ್ವಿಚ್ ಹಾಕಿದರೆ ದೀಪ ಬಂತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಒಳಗಿಂದ ಕೀಂ... ಕೀಂ... ಅಂತ ಬಿಟ್ಟು ಬಿಟ್ಟು ಕೂಗು.

ರೋಹಿಣಿ ಮಳೆಗೆ ಬೀಜ ಹಂಚಬೇಕು. ಡಬ್ಬ ಹೊತ್ತುಕೊಂಡು ಬಸ್ಸಿನಲ್ಲಿ ಪೇಟೆಗೆ ಹೋದೆ. ಒಂದು ಅಂಗಡಿಯವನು ಬಿಚ್ಚಿಯೂ ನೋಡದೆ, “ಬೋರ್ಡ್ ಹೋಗಿದೆ ಯಜಮಾನ್ರೆ, ಹೊಸದು ತಗೊಳ್ಳಿ, 28 ಸಾವಿರ” ಅಂದ. ಇನ್ನೊಬ್ಬ, “ಐನೂರು ಕೊಡಿ, ಫಾರ್ಮ್ಯಾಟ್ ಮಾಡಿ ನೋಡೋಣ” ಅಂದ. “ಒಳಗಿನ ಲೆಕ್ಕ?” ಅಂದೆ. “ಅದು ಹೋಗುತ್ತೆ” ಅಂದ. ನೆಗಡಿ ಆಯ್ತು ಅಂತ ಮೂಗು ಕುಯ್ಸಿಕೊಂಡ ಹಾಗಾಯ್ತು. ಡಬ್ಬ ಎತ್ತಿಕೊಂಡು ಊರಿಗೆ ಬಂದೆ.

ಊರಲ್ಲಿ ಆಗಲೇ ಮಾತು ಶುರುವಾಗಿತ್ತು. “ಲೆಕ್ಕವೇ ಇಲ್ಲವಂತೆ, ಇನ್ನು ಯಾರು ಕೊಡಬೇಕು, ಯಾರಿಗೆ ಕೊಡಬೇಕು?” ಅಂತ. ಕೆಳಗಲ ಮನೆ ಅಜ್ಜಿ ಬಂದು, “ನಂದೇನೂ ಬಾಕಿ ಇಲ್ಲ ಕಣಪ್ಪ, ಬರದಲ್ಲೂ ತಂದುಕೊಟ್ಟಿದೀನಿ” ಅಂದಳು. ನನ್ನ ನೆನಪಿನಲ್ಲಿ ಆಕೆ ಆರು ಸೇರು ಕೊಡಬೇಕಿತ್ತು. ಆಗಲಿ ನೋಡೋಣ ಅಂದು ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ.

ಬೋರಿನ ಪಾಠ

ಬೋರಿನಲ್ಲಿ ನೀರು ಬರದಿದ್ದರೆ ನಾವು ಮೊದಲೇ ಪೈಪು ಎತ್ತಿಸುತ್ತೇವಾ? ಇಲ್ಲ. ಕರೆಂಟ್ ಇದೆಯಾ ನೋಡುತ್ತೇವೆ. ಫ್ಯೂಸು, ಸ್ಟಾರ್ಟರ್, ಕೇಬಲ್ ಜಾಯಿಂಟ್ ನೋಡುತ್ತೇವೆ. ಕೊನೆಗೆ ಮೋಟರು. ಮಗನಿಗೆ ಫೋನ್ ಮಾಡಿದಾಗ ಅವನೂ ಅದನ್ನೇ ಹೇಳಿದ. “ಅಪ್ಪಾ, ಒಂದು ಸಲಕ್ಕೆ ಒಂದೇ ಬದಲಾಯಿಸು. ಏನು ಮಾಡಿದೆ, ಏನಾಯ್ತು ಅಂತ ಬರೆದಿಟ್ಟುಕೋ. ಎರಡು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿ ಆಯ್ತು ಅಂತ ಗೊತ್ತಾಗಲ್ಲ.”

ಮೊದಲು ಕರೆಂಟ್. ಮೋಟರ್ ರಿಪೇರಿಯವನಿಂದ ಮೀಟರ್ ತಂದು ಪ್ಲಗ್ಗಿನಲ್ಲಿ ನೋಡಿದೆ. 230 ಇರಬೇಕಾದ ಕಡೆ ಸಂಜೆ ಹೊತ್ತು 175 ವೋಲ್ಟ್. ಪ್ಲಗ್ ಪಾಯಿಂಟ್ ಸಡಿಲವಾಗಿ ಕಪ್ಪಾಗಿತ್ತು. ಹೊಸದು ಹಾಕಿ, ಬೆಳಿಗ್ಗೆ ಒಳ್ಳೇ ವೋಲ್ಟೇಜಿನಲ್ಲಿ ನೋಡಿದೆ. ಕೂಗು ನಿಲ್ಲಲಿಲ್ಲ.

ಎರಡನೆಯದು ಹೊರಗಿನ ವೈರುಗಳು. ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ತೆಗೆದೆ. ಪರದೆ, ಕೀಬೋರ್ಡ್ ಎರಡನ್ನೇ ಬಿಟ್ಟೆ. ಆದರೂ ಅದೇ ಕೂಗು.

ಮೂರನೆಯದು ಡಬ್ಬ ಬಿಚ್ಚಿದ್ದು. ಬಿಚ್ಚುವ ಮೊದಲು ವೈರ್ ಪೂರಾ ಕಿತ್ತು, ಆಮೇಲೆ ಆನ್ ಬಟನ್ ಒಂದು ಸಲ ಒತ್ತಿ ಬಿಡಬೇಕು. ಉಳಿದ ಕರೆಂಟ್ ಖಾಲಿಯಾಗುತ್ತದೆ. ಒಳಗಿನದನ್ನು ಮುಟ್ಟುವ ಮುಂಚೆ ಡಬ್ಬದ ತಗಡು ಮುಟ್ಟಬೇಕು. ನಮ್ಮ ಮೈಯ ಕರೆಂಟೂ ಆ ಚಿಪ್ಪುಗಳಿಗೆ ಆಗುವುದಿಲ್ಲ. ಒಳಗೆ ನೋಡಿದರೆ ನಮ್ಮ ಹೊಲದ ಕೆಂಪು ಮಣ್ಣೇ ಇತ್ತು! ಜೇಡದ ಬಲೆ, ಎರಡು ಹಲ್ಲಿ ಮೊಟ್ಟೆ. ಒಣಗಿದ ಬಣ್ಣದ ಬ್ರಷ್ಷಿನಿಂದ ಗುಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದೆ. ಬಾಯಿಂದ ಊದಬಾರದು, ಎಂಜಲು ಬೀಳುತ್ತದೆ.

ನಾಲ್ಕನೆಯದು ರ‍್ಯಾಮ್. ಬಾಚಣಿಗೆ ಹಾಗೆ ಉದ್ದಕ್ಕಿರುವ ಎರಡು ಪಟ್ಟಿ. ಎರಡು ಪಕ್ಕದ ಕೊಂಡಿ ಒತ್ತಿದರೆ ಮೇಲೆ ಬರುತ್ತವೆ. ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದನ್ನೇ ಹಾಕಿದೆ. ಕೂಗಿತು. ಅದನ್ನು ತೆಗೆದು ಇನ್ನೊಂದನ್ನು ಹಾಕಿದೆ. ಪರದೆಗೆ ಬೆಳಕು ಬಂತು! ಕೂಗುವ ಪಟ್ಟಿಯನ್ನು ಪಕ್ಕದ ಗೂಡಿಗೂ ಹಾಕಿ ನೋಡಿದೆ, ಅಲ್ಲೂ ಕೂಗಿತು. ಅಂದರೆ ಗೂಡು ಸರಿ ಇದೆ, ಪಟ್ಟಿ ಸತ್ತಿದೆ. ಬೋರ್ಡ್ ಹೋಗಿದೆ ಅಂದದ್ದು ಸುಳ್ಳಾಯ್ತು.

ಇಪ್ಪತ್ತು ನಿಮಿಷ

ಬೆಳಕು ಬಂದ ಕೂಡಲೇ ನನಗೆ ಎಲ್ಲ ತೆರೆದು ನೋಡುವ ಆಸೆ. ಮಗ ಫೋನಿನಲ್ಲೇ ಗದರಿದ. “ಬೇರೆ ಏನೂ ಮುಟ್ಟಬೇಡ. ಮೊದಲು ಲೆಕ್ಕ ಪೆನ್‌ಡ್ರೈವಿಗೆ ಹಾಕು.” ಮೊದಲು ಬೀಜದ ಲೆಕ್ಕ, ಆಮೇಲೆ ಮಳೆ ಲೆಕ್ಕ. ಎರಡಕ್ಕೂ ಸೇರಿ ಒಂದು ನಿಮಿಷ ಹಿಡಿಯಲಿಲ್ಲ. ಹೊಲದ ಫೋಟೋಗಳನ್ನು ಹಾಕುತ್ತಿರುವಾಗ ಪರದೆ ಮತ್ತೆ ನಿಂತಿತು. ಆದರೆ ಈ ಸಲ ಎದೆ ಡವಡವ ಅನ್ನಲಿಲ್ಲ. ಪೆನ್‌ಡ್ರೈವ್ ಒಯ್ದು ಪಕ್ಕದ ಮನೆ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ತೆರೆಸಿ ನೋಡಿದೆ. 43 ಮನೆ ಲೆಕ್ಕವೂ ಇತ್ತು. ಕಾಪಿ ಆಯ್ತು ಅಂದುಕೊಂಡರೆ ಸಾಲದು, ಬೇರೆ ಕಡೆ ತೆರೆದು ನೋಡಲೇಬೇಕು.

ಎರಡನೇ ರೋಗ

ಒಂದು ರೋಗ ವಾಸಿಯಾದರೆ ಇನ್ನೊಂದು ಇಲ್ಲ ಅಂತಲ್ಲ. ಇಪ್ಪತ್ತು ನಿಮಿಷಕ್ಕೆ ನಿಲ್ಲುವುದು ಹಾಗೇ ಇತ್ತು. ಇದು ವಿಂಡೋಸ್ ತೊಂದರೆಯೋ, ಹಾರ್ಡ್ ಡಿಸ್ಕಿನದೋ, ಯಂತ್ರದ್ದೋ?

ಆ ಹುಡುಗಿ ಒಂದು ಪೆನ್‌ಡ್ರೈವಿಗೆ ಲಿನಕ್ಸ್ ಹಾಕಿಕೊಟ್ಟಳು. ಇದಕ್ಕೆ ದುಡ್ಡಿಲ್ಲ. ಕಂಪ್ಯೂಟರನ್ನು ಪೆನ್‌ಡ್ರೈವಿನಿಂದಲೇ ಶುರು ಮಾಡಬಹುದು. ಹಾರ್ಡ್ ಡಿಸ್ಕಿನ ವೈರ್ ಕಿತ್ತಿಟ್ಟು ಹಾಗೆ ಶುರು ಮಾಡಿದೆವು. ಇಪ್ಪತ್ತೆರಡನೇ ನಿಮಿಷಕ್ಕೆ ಅದೂ ನಿಂತಿತು. ಡಿಸ್ಕೂ ಇಲ್ಲ, ವಿಂಡೋಸೂ ಇಲ್ಲ, ಆದರೂ ನಿಂತಿದೆ! ಅಂದರೆ ಅವೆರಡರ ತಪ್ಪಲ್ಲ. ಫಾರ್ಮ್ಯಾಟ್ ಮಾಡಿಸಿದ್ದರೆ ಲೆಕ್ಕ ಹೋಗುತ್ತಿತ್ತು, ರೋಗ ಉಳಿಯುತ್ತಿತ್ತು.

ಆನ್ ಮಾಡುವಾಗ ಡಿಲೀಟ್ ಕೀ ಒತ್ತಿದರೆ ನಮ್ಮದರಲ್ಲಿ ಬಯೋಸ್ ಅನ್ನುವ ಪುಟ ಬರುತ್ತದೆ. ಕೆಲವದರಲ್ಲಿ ಎಫ್2 ಒತ್ತಬೇಕು. ಅಲ್ಲಿ ಪ್ರೊಸೆಸರಿನ ಬಿಸಿ 91 ಡಿಗ್ರಿ ತೋರಿಸಿತು. ತಾರೀಖು ನೋಡಿದರೆ ಹತ್ತು ವರ್ಷ ಹಿಂದೆ! ಬೋರ್ಡಿನ ಮೇಲೆ ನಾಣ್ಯದಂಥ 3 ವೋಲ್ಟಿನ ಸಿಆರ್ 2032 ಸೆಲ್ ಇರುತ್ತದೆ, ಅದು ಸತ್ತಿತ್ತು.

ಬಿಸಿಗೆ ಕಾರಣ ಹುಡುಕಿದೆ. ಪ್ರೊಸೆಸರ್ ಮೇಲೆ ಕೂತ ಫ್ಯಾನಿಗೆ ನಾಲ್ಕು ಪ್ಲಾಸ್ಟಿಕ್ ಕಾಲು. ಅದರಲ್ಲಿ ಒಂದು ಕಾಲು ಗೂಡು ಬಿಟ್ಟು ಮೇಲೆದ್ದಿತ್ತು. ನನ್ನ ಗುದ್ದಿನಿಂದಲೋ, ಮೊದಲೇ ಹಾಗಿತ್ತೋ. ಕೆಳಗಿನ ಪೇಸ್ಟ್ ಒಣಗಿ ಸುಣ್ಣದ ಚಕ್ಕೆ ಆಗಿತ್ತು. ಪ್ರೊಸೆಸರಿನ ಬಿಸಿ ಮೇಲಿನ ಅಲ್ಯುಮಿನಿಯಂ ಗಟ್ಟಿಗೆ ದಾಟಬೇಕಾದರೆ ಈ ಪೇಸ್ಟ್ ಹಸಿ ಇರಬೇಕು, ಗಟ್ಟಿ ಅಂಟಿ ಕೂತಿರಬೇಕು. ಹಳೆಯದನ್ನು ಒರೆಸಿ, ಹೆಸರುಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ನಾಲ್ಕು ಕಾಲನ್ನೂ ಟಕ್ ಅನ್ನುವ ತನಕ ಒತ್ತಿದೆ. ಸೆಲ್ಲನ್ನೂ ಹಾಕಿದೆ. ಬಿಸಿ 48 ಡಿಗ್ರಿಗೆ ಇಳಿಯಿತು. ಡಿಸ್ಕ್ ಜೋಡಿಸಿ ಮೂರು ತಾಸು ಬಿಟ್ಟೆ. ನಿಲ್ಲಲಿಲ್ಲ.

ಖರ್ಚು: ಪ್ಲಗ್ ಪಾಯಿಂಟ್ 60, ಸೆಲ್ 40, ಪೇಸ್ಟ್ 150, ಹಳೇ ರ‍್ಯಾಮ್ ಪಟ್ಟಿ 600. ಒಟ್ಟು 850 ರೂಪಾಯಿ.

ಲಕ್ಷಣ ನೋಡಿ ಹುಡುಕಿ

* ದೀಪವೂ ಇಲ್ಲ, ಫ್ಯಾನೂ ಇಲ್ಲ: ಪ್ಲಗ್, ವೈರ್, ಆಮೇಲೆ ಒಳಗಿನ ಪವರ್ ಸಪ್ಲೈ ಡಬ್ಬಿ. ಆ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗೆ ಕರೆಂಟ್ ಹಿಡಿದಿರುತ್ತದೆ.
* ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು, ಕೂಗು: ಮೊದಲು ರ‍್ಯಾಮ್. ಕೂಗಿನ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ.
* ಸ್ವಲ್ಪ ಹೊತ್ತು ನಡೆದು ನಿಲ್ಲುತ್ತದೆ: ಬಿಸಿ, ದೂಳು, ಫ್ಯಾನ್.
* ತಾರೀಖು ಹಿಂದಕ್ಕೆ ಹೋಗುತ್ತದೆ: ಸೆಲ್.
* ಡಿಸ್ಕಿನಿಂದ ಟಕ್ ಟಕ್ ಸದ್ದು: ಪದೇ ಪದೇ ಆನ್ ಮಾಡಬೇಡಿ. ಬಂದಷ್ಟು ಲೆಕ್ಕ ಮೊದಲು ತೆಗೆಯಿರಿ.
* ಪೆನ್‌ಡ್ರೈವಿನಿಂದ ಚೆನ್ನಾಗಿ ನಡೆಯುತ್ತದೆ, ಡಿಸ್ಕಿನಿಂದ ನಿಲ್ಲುತ್ತದೆ: ಆಗ ಮಾತ್ರ ಡಿಸ್ಕ್ ಅಥವಾ ವಿಂಡೋಸ್ ಮೇಲೆ ಅನುಮಾನ ಪಡಿ.
* ಬೋರ್ಡಿನ ಮೇಲಿನ ಚಿಕ್ಕ ಚಿಕ್ಕ ಡಬ್ಬಿಗಳ ತಲೆ ಉಬ್ಬಿದ್ದರೆ ತಿಳಿದವರ ಹತ್ತಿರ ಒಯ್ಯಿರಿ. ಅದು ನಮ್ಮ ಕೈ ಕೆಲಸ ಅಲ್ಲ.

ಅಜ್ಜಿಯ ಲೆಕ್ಕ

ರೋಹಿಣಿ ಮಳೆಯಲ್ಲಿ ಎಲ್ಲರನ್ನೂ ಕರೆದು ಲೆಕ್ಕ ಓದಿದೆ. ಕೆಳಗಲ ಮನೆ ಅಜ್ಜಿಯ ಸಾಲು ಬಂತು. 2023ರಲ್ಲಿ ಒಯ್ದದ್ದು ನಾಲ್ಕು ಸೇರು ನವಣೆ. ಕೊಡಬೇಕಾದದ್ದು ಆರು. ಅದೇ ವರ್ಷ ಕೊಟ್ಟದ್ದೂ ಆರು. ಬಾಕಿ ಸೊನ್ನೆ. ಕೊಡಬೇಕಾದ ಆರು ನನ್ನ ನೆನಪಿನಲ್ಲಿ ಕೂತಿತ್ತು, ಕೊಟ್ಟ ಆರು ಮರೆತುಹೋಗಿತ್ತು. ಲೆಕ್ಕ ಸಿಗದೇ ಹೋಗಿದ್ದರೆ ನನ್ನ ಮಾತೇ ನಡೆಯುತ್ತಿತ್ತು. ಬರದಲ್ಲಿ ಹೊಟ್ಟೆ ಕಟ್ಟಿ ಬೀಜ ತಂದುಕೊಟ್ಟವಳು ಸುಳ್ಳಿಯಾಗುತ್ತಿದ್ದಳು. ಎಲ್ಲರ ಮುಂದೆ ತಪ್ಪಾಯ್ತು ಅಂದೆ. “ಹೋಗ್ಲಿ ಬಿಡಪ್ಪ, ಈಗಾದರೂ ಪುಸ್ತಕದಲ್ಲಿ ಬರೆದಿಡು” ಅಂದಳು.

ಬರೆದಿಡುತ್ತಿದ್ದೇನೆ. ಅಮಾವಾಸ್ಯೆಗೊಮ್ಮೆ ಲೆಕ್ಕವನ್ನು ಪುಸ್ತಕಕ್ಕೆ ಇಳಿಸಿ, ಇಬ್ಬರ ಸಹಿ ಹಾಕಿಸುತ್ತೇನೆ. ಒಂದು ಪೆನ್‌ಡ್ರೈವ್ ನಮ್ಮ ಮನೆಯಲ್ಲಿ, ಇನ್ನೊಂದು ಬೇರೆಯವರ ಮನೆಯಲ್ಲಿ. ಮಗನಿಗೂ ಒಂದು ಪ್ರತಿ ಕಳಿಸುತ್ತೇನೆ. ವರ್ಷಕ್ಕೊಮ್ಮೆ, ಯುಗಾದಿಗೆ ಮನೆ ಗುಡಿಸುವಾಗ, ಡಬ್ಬವನ್ನೂ ಬಿಚ್ಚಿ ಗುಡಿಸುತ್ತೇನೆ. ಬಿತ್ತನೆ ಬೀಜವನ್ನು ಯಾರೂ ಒಂದೇ ಗುಡಾಣದಲ್ಲಿ ಇಡುವುದಿಲ್ಲ. ಲೆಕ್ಕವನ್ನೂ ಹಾಗೇ ಇಡಬೇಕು.