ಟೀಸಿ ಇಲ್ಲದ ಅಳಿಯ, ನಮ್ಮ ಶನಿವಾರದ ಕ್ಲಾಸು

"ಟೀಸಿ ಎಲ್ಲೈತ್ರೀ?"

2023ರ ಜೂನ್‌ನಲ್ಲಿ ಹೊಸಪೇಟೆಯ ಒಂದು ಹೈಸ್ಕೂಲಿನ ಆಫೀಸಿನಲ್ಲಿ ನಮಗೆ ಎದುರಾದ ಮೊದಲ ಪ್ರಶ್ನೆ ಇದು. ಅಕ್ಕ ಫೈಲಿನಿಂದ ಮಗನ ಅಂಕಪಟ್ಟಿ ತೆಗೆದುಕೊಟ್ಟಳು. ಕೆಳಗೆ ಹೆಡ್‌ಮಾಸ್ಟರ್ ಸಹಿ ಇರಬೇಕಾದ ಜಾಗದಲ್ಲಿ ಅಕ್ಕನ ಸಹಿಯೇ ಇತ್ತು. ಕ್ಲರ್ಕ್ ಒಮ್ಮೆ ಕಾಗದ ನೋಡಿದರು, ಒಮ್ಮೆ ಅಕ್ಕನ ಮುಖ ನೋಡಿದರು. "ಅಲ್ರೀ ಅಮ್ಮಾ, ನಿಮ್ಮ ಮಗನಿಗೆ ನೀವೇ ಮಾರ್ಕ್ಸ್ ಕೊಟ್ಟೀರಿ?"

ನನಗೂ ಒಳಗೊಳಗೇ ಅದೇ ಅನುಮಾನ ಇತ್ತು ಅಂತ ಈಗ ಒಪ್ಪಿಕೊಳ್ತೀನಿ. ನಾನು ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ಎಂಜಿನಿಯರಿಂಗ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದವನು. ಶಾಲೆಗೇ ಹೋಗದ ಹದಿನೈದರ ಹುಡುಗ ಅಂದರೆ ನನಗೂ ಗಾಬರಿಯೇ.

ಟೆಕ್ಸಾಸ್‌ನ ಚರ್ಚ್ ಹಾಲ್

ಅಕ್ಕ-ಭಾವ ಹತ್ತು ವರ್ಷ ಟೆಕ್ಸಾಸ್‌ನಲ್ಲಿದ್ದರು. ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ಅಕ್ಕ ಮಗನನ್ನು ಕರಕೊಂಡು ಊರಿಗೆ ಬಂದಳು. ಅಲ್ಲಿ ಅಳಿಯ ಕಲಿತದ್ದು ಕ್ರಿಶ್ಚಿಯನ್ ಹೋಮ್‌ಸ್ಕೂಲ್ ಕೋ-ಆಪ್‌ನಲ್ಲಿ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸುವುದು ಕಾನೂನುಬದ್ಧ. ಟೆಕ್ಸಾಸ್‌ನಲ್ಲಿ ಇಂಥ ಮನೆಯನ್ನು ಖಾಸಗಿ ಶಾಲೆಯ ಹಾಗೆಯೇ ನೋಡಬೇಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ.

ಕೋ-ಆಪ್ ಅಂದರೆ ನಮ್ಮ ಹಾಲಿನ ಸೊಸೈಟಿ ಇದ್ದ ಹಾಗೆ. ಎಲ್ಲರೂ ತಮ್ಮ ಮನೆಯಲ್ಲಿದ್ದದ್ದನ್ನು ತಂದು ಹಾಕಬೇಕು. ಸಣ್ಣ ಮಕ್ಕಳಿಗೆ ಅಮ್ಮನೇ ಓದು-ಬರಹ ಕಲಿಸಬಹುದು. ಆದರೆ ಹೈಸ್ಕೂಲ್ ಹಂತಕ್ಕೆ ಬಂದರೆ ಕೆಮಿಸ್ಟ್ರಿ, ಆಲ್ಜೀಬ್ರಾ, ಪ್ರಬಂಧ ಬರೆಯೋದು, ಲ್ಯಾಬ್ ಎಲ್ಲವನ್ನೂ ಒಬ್ಬರೇ ಕಲಿಸಲಾಗದು. ಹಾಗಾಗಿ ಹತ್ತಾರು ಕುಟುಂಬಗಳು ವಾರಕ್ಕೊಂದು ದಿನ ಚರ್ಚ್ ಹಾಲಿನಲ್ಲಿ ಸೇರುತ್ತವೆ. ನರ್ಸ್ ಆಗಿದ್ದ ತಾಯಿ ಬಯಾಲಜಿ, ಅಕೌಂಟೆಂಟ್ ತಂದೆ ಗಣಿತ. ಕಲಿಸಲು ಬಾರದವರು ಅಡುಗೆ, ಕಸ ಗುಡಿಸುವುದು, ಸಣ್ಣ ಮಕ್ಕಳನ್ನು ನೋಡಿಕೊಳ್ಳುವುದು. ಉಳಿದ ನಾಲ್ಕು ದಿನ ಮನೆಯಲ್ಲಿ ಹೋಂವರ್ಕ್. ನಮ್ಮಕ್ಕ ಅಲ್ಲಿ ಎರಡು ವರ್ಷ ಬೀಕರ್ ತೊಳೆದಿದ್ದಾಳೆ!

ಅಳಿಯ ಹೇಗಿದ್ದ? ನಾಲ್ಕು ಜನರ ಮುಂದೆ ನಿಂತು ಹೆದರದೆ ಮಾತಾಡ್ತಿದ್ದ. ಒಂದು ಪುಸ್ತಕ ಕೊಟ್ಟರೆ ತಾನೇ ಓದಿ ಟಿಪ್ಪಣಿ ಮಾಡ್ತಿದ್ದ. ಅದು ನನಗೆ ಎಂಜಿನಿಯರಿಂಗ್ ಮುಗಿದ ಮೇಲೂ ಬಂದಿರಲಿಲ್ಲ.

ಕೊರತೆಗಳೂ ಇದ್ದವು. ಅವನ ಬಯಾಲಜಿ ಪುಸ್ತಕದಲ್ಲಿ ಸೃಷ್ಟಿಯ ನಂಬಿಕೆ ಇತ್ತು, ಜೀವವಿಕಾಸವನ್ನು ವಿಜ್ಞಾನವಾಗಿ ಕಲಿಸುವ ಪಾಠ ಇರಲಿಲ್ಲ. ಮುಂದೆ ಪಿಯುಸಿ ಜೀವಶಾಸ್ತ್ರದಲ್ಲಿ ಅದು ಇದ್ದೇ ಇದೆ. ಅವನ ಗೆಳೆಯರೆಲ್ಲ ಒಂದೇ ಬಗೆಯ ಮನೆಯವರು, ಒಂದೇ ಬಗೆಯ ನಂಬಿಕೆಯವರು. ಕನ್ನಡ ಮಾತಾಡ್ತಿದ್ದ, ಓದೋಕೆ ಬರ್ತಿರಲಿಲ್ಲ.

ಇಲ್ಲಿ ದಾರಿ ಇದೆಯಾ?

ಇದೆ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತೆ. ಆ ವಯಸ್ಸಿನ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತೆ. ಸೇರಿಸದವರಿಗೆ ದಂಡ ಹೇಳಿಲ್ಲ, ಮನೆಪಾಠಕ್ಕೆ ನೇರ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಹದಿನಾಲ್ಕು ದಾಟಿದವರಿಗೆ ಕೇಂದ್ರ ಸರ್ಕಾರದ ಎನ್‌ಐಒಎಸ್ ಇದೆ. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಅಂತ ಶುರುವಾದ ಸಂಸ್ಥೆ ಇದು.

ಹತ್ತನೇ ತರಗತಿಗೆ ಸಮಾನವಾದ ಸೆಕೆಂಡರಿ ಕೋರ್ಸ್‌ಗೆ 14 ವರ್ಷ ತುಂಬಿರಬೇಕು. ಶಾಲೆಗೆ ಹೋಗದವರು ಸ್ವಯಂ ದೃಢೀಕರಣ ಪತ್ರ ಕೊಡಬಹುದು. ಪಾಸಾಗಲು ಐದು ವಿಷಯ ಬೇಕು. ವರ್ಷಕ್ಕೆರಡು ಸಲ ಪಬ್ಲಿಕ್ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತೆ, ಒಟ್ಟು ಒಂಬತ್ತು ಅವಕಾಶ. ಪಾಸಾದ ವಿಷಯವನ್ನು ಮತ್ತೆ ಬರೆಯಬೇಕಿಲ್ಲ.

ಫಾರ್ಮ್ ತುಂಬಿದೆವು. ಸಮಸ್ಯೆ ಮುಗೀತು ಅಂದುಕೊಂಡೆ.

ಮನೆಯಲ್ಲಿ ಒಬ್ಬನೇ

ಎರಡು ತಿಂಗಳಲ್ಲಿ ಹುಡುಗ ಮಂಕಾದ. ಅಕ್ಕ ಅಪ್ಪನ ಫಿಸಿಯೋಥೆರಪಿ, ಔಷಧಿಯಲ್ಲಿ ಮುಳುಗಿದ್ದಳು. ನಾನು ಪಕ್ಕದ ರೂಮಿನಲ್ಲಿ ವರ್ಕ್ ಫ್ರಮ್ ಹೋಂ, ಹೆಡ್‌ಫೋನ್ ಹಾಕ್ಕೊಂಡು ಮೀಟಿಂಗ್. ಅವನು ಲ್ಯಾಪ್‌ಟಾಪ್ ಮುಂದೆ. ಒಂದು ದಿನ ಊಟಕ್ಕೆ ಕೂತಾಗ ಕೇಳಿದ, "ಮಾಮ, ನಾನು ಓದಿದ್ದು ಸರಿನೋ ತಪ್ಪೋ ಯಾರಿಗೆ ಹೇಳಲಿ?"

ಆಗ ಅರ್ಥ ಆಯ್ತು. ಟೆಕ್ಸಾಸ್‌ನಲ್ಲಿ ಅವನನ್ನು ಓದಿಸಿದ್ದು ಮನೆ ಒಂದೇ ಅಲ್ಲ, ವಾರಕ್ಕೊಮ್ಮೆ ಸೇರುತ್ತಿದ್ದ ಆ ಹಾಲ್ ಕೂಡ. ನಾವು ಸಿಲಬಸ್ ತಂದಿದ್ದೆವು, ಜನರನ್ನು ತಂದಿರಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವ್ವ ನಾಲ್ಕು ಜನರನ್ನು ಹಿಡಿದು ನಿಲ್ಲಿಸಿದಳು. ಕಂಪ್ಲಿಯಿಂದ ಬರುವ ಒಬ್ಬ ಅಕ್ಕನಿಗೆ ಬಿ.ಎಡ್. ಆಗಿತ್ತು, ಅವರ ಮನೆಯವರು ಭತ್ತ ಬೆಳೆಯುವವರು. ಸಂಡೂರಿನ ಅಂಕಲ್ ಒಬ್ಬರು ಅದಿರು ಪರೀಕ್ಷಿಸುವ ಲ್ಯಾಬಿನವರು. ಅವರೂರಿನ ಒಂದು ಹುಡುಗಿ ಒಂಬತ್ತರಲ್ಲಿ ಫೇಲಾಗಿ ಮನೆಯಲ್ಲಿ ಕೂತಿದ್ದಳು, ಅವಳು ನಮ್ಮ ಚರ್ಚಿನವಳಲ್ಲ. "ಅವಳನ್ನೂ ಕರಕೊಂಬರ್ರಿ" ಅಂದಳು ಅವ್ವ. ಹೀಗೆ ಐದು ಮಕ್ಕಳಾದರು. ಶನಿವಾರ ಬೆಳಿಗ್ಗೆ ಒಂಬತ್ತರಿಂದ ಮೂರರ ತನಕ ನಮ್ಮ ಮನೆ ಮಹಡಿ. ಗಣಿತ, ಫಿಸಿಕ್ಸ್ ನನ್ನ ಪಾಲಿಗೆ ಬಂತು.

ಹಂಪಿಯಲ್ಲಿ ತ್ರಿಕೋನಮಿತಿ

ಮೊದಲ ಮೂರು ವಾರ ನನ್ನ ಕ್ಲಾಸು ಕೆಟ್ಟದಾಗಿತ್ತು. ಪಿಪಿಟಿ ಮಾಡ್ಕೊಂಡು ಹೋಗಿ ಓದಿ ಹೇಳ್ತಿದ್ದೆ, ಮಕ್ಕಳು ಆಕಳಿಸ್ತಿದ್ದರು. ನಾಲ್ಕನೇ ವಾರ ಹಂಪಿಗೆ ಕರಕೊಂಡು ಹೋದೆ. ಕೋನಮಾಪಕಕ್ಕೆ ದಾರ, ದಾರದ ತುದಿಗೆ ನಟ್ಟು. ವಿರೂಪಾಕ್ಷ ದೇವಸ್ಥಾನದ ದೊಡ್ಡ ಗೋಪುರದ ತುದಿ 45 ಡಿಗ್ರಿಯಲ್ಲಿ ಕಾಣುವ ತನಕ ಹಿಂದೆ ಹಿಂದೆ ನಡೀಬೇಕು. ಅಲ್ಲಿಂದ ಗೋಪುರದ ತನಕ ಇರುವ ದೂರಕ್ಕೆ ನಮ್ಮ ಕಣ್ಣಿನ ಎತ್ತರ ಕೂಡಿಸಿದರೆ ಗೋಪುರದ ಎತ್ತರ. ಐದು ಮಕ್ಕಳಿಗೆ ಐದು ಉತ್ತರ, ಎಲ್ಲವೂ 50 ಮೀಟರಿನ ಆಸುಪಾಸು. ಯಾರದ್ದು ಏಕೆ ತಪ್ಪಿತು ಅಂತ ಶುರುವಾದ ಜಗಳವೇ ಅವತ್ತಿನ ನಿಜವಾದ ಪಾಠ.

ಒಳಗೆ ಕತ್ತಲೆ ಕೋಣೆಯೊಂದರ ಗೋಡೆಯ ಮೇಲೆ ಅದೇ ಗೋಪುರ ತಲೆಕೆಳಗಾಗಿ ಮೂಡುತ್ತೆ. ಸಣ್ಣ ಕಿಂಡಿ, ನೇರವಾಗಿ ಸಾಗುವ ಬೆಳಕು, ಅಷ್ಟೇ. ಪಿನ್‌ಹೋಲ್ ಕ್ಯಾಮೆರಾಕ್ಕೆ ಇದಕ್ಕಿಂತ ದೊಡ್ಡ ಲ್ಯಾಬ್ ಎಲ್ಲಿದೆ? ಹೋಗುವ ಮುಂಚೆ ಒಬ್ಬ ತಾಯಿ ಅನುಮಾನಿಸಿದ್ದರು, "ಗುಡಿ ಒಳಗ ಹೋಗ್ಬೇಕೇನ್ರಿ?" ಅವ್ವ ಅಂದಳು, "ಬೆಳಕಿಗೆ ಯಾವ ಜಾತಿ ಐತವ್ವಾ? ಹೋಗಿ ನೋಡ್ಕೊಂಡು ಬರ್ಲಿ."

ಅಳಿಯನಿಗೆ ಕನ್ನಡ ಓದಲು ಕಲಿಸಿದ್ದೂ ಅವ್ವನೇ, ತನ್ನ ಬೈಬಲ್ ಹಿಡಿದು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಇಲ್ಲೇ ಕೂತು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದವರು. ಅದನ್ನು ಹೇಳಿದ್ದಕ್ಕೆ ಹುಡುಗ ನಕ್ಕ, "ಹಾಗಾದ್ರೆ ಅವರಿಗೂ ಒತ್ತಕ್ಷರ ಕಷ್ಟ ಆಗಿರ್ಬೇಕು."

2024ರ ಆಗಸ್ಟ್ 10ರ ರಾತ್ರಿ ಟಿ.ಬಿ. ಡ್ಯಾಂನ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಮುಂದಿನ ಶನಿವಾರ ಬೇರೆ ಪಾಠ ಸಾಧ್ಯವೇ ಇರಲಿಲ್ಲ. 60 ಅಡಿ ಅಗಲ, 20 ಅಡಿ ಎತ್ತರದ ಗೇಟು. ನೀರು ಮೇಲಿನ ಅಂಚಿನ ತನಕ ನಿಂತರೆ ಎಷ್ಟು ಒತ್ತುತ್ತೆ? ಲೆಕ್ಕ ಸುಮಾರು 340 ಟನ್ ಅಂತ ಬಂತು. ಸಂಡೂರಿನ ಹುಡುಗಿ ಎಲ್ಲರಿಗಿಂತ ಮೊದಲು ಹೇಳಿದಳು. ಒಂಬತ್ತರಲ್ಲಿ ಅವಳು ಫೇಲಾಗಿದ್ದು ಗಣಿತದಲ್ಲಿ.

ಕೊನೆಗೆ ಏನಾಯ್ತು

ಆ ವರ್ಷದ ಏಪ್ರಿಲ್ ಪರೀಕ್ಷೆಯಲ್ಲಿ ಅಳಿಯ ನಾಲ್ಕು ವಿಷಯ ಪಾಸಾಗಿದ್ದ, ಸಮಾಜ ವಿಜ್ಞಾನದಲ್ಲಿ ಬಿದ್ದಿದ್ದ. ಅಮೆರಿಕದ ಅಂತರ್ಯುದ್ಧ ಬಾಯಿಪಾಠ, ನಮ್ಮ ಸಂವಿಧಾನ ಹೊಸದು. ಅಕ್ಟೋಬರ್ ಪರೀಕ್ಷೆಯಲ್ಲಿ ಅದೂ ಆಯ್ತು. ಆದರೆ ಆ ಹೊತ್ತಿಗೆ ಪಿಯು ಪ್ರವೇಶ ಮುಗಿದು ಒಂದು ವರ್ಷ ಹೋಯ್ತು. ಅಕ್ಕ ಅವತ್ತು ರಾತ್ರಿ ಅತ್ತಳು. ಆ ಬೆಲೆಯನ್ನು ನಾನು ಮುಚ್ಚಿಡಲ್ಲ.

ಎನ್‌ಐಒಎಸ್ ಅಂಕಪಟ್ಟಿ ಜೊತೆ ಮೈಗ್ರೇಷನ್-ಕಮ್-ಟ್ರಾನ್ಸ್‌ಫರ್ ಸರ್ಟಿಫಿಕೇಟ್ ಕೂಡ ಬರುತ್ತೆ. 2025ರಲ್ಲಿ ಪಿಯು ಕಾಲೇಜಿನ ಕೌಂಟರಿನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಈ ಸಲ ಅಳಿಯನೇ ಕಾಗದ ಮುಂದಿಟ್ಟು ಕನ್ನಡದಲ್ಲಿ ಹೇಳಿದ, "ಇದೇ ನನ್ನ ಟೀಸಿ ಸರ್."

ಫೀಸ್ ನೋಡಿ, ಟ್ರಾಫಿಕ್ ನೋಡಿ ಮನೆಯಲ್ಲೇ ಓದಿಸೋಣ ಅಂತ ಯೋಚಿಸುವ ಗೆಳೆಯರು ಈಗ ನನ್ನನ್ನು ಕೇಳ್ತಾರೆ, ಯಾವ ಸಿಲಬಸ್ ಒಳ್ಳೇದು ಅಂತ. ನಾನು ತಿರುಗಿ ಮೂರು ಪ್ರಶ್ನೆ ಕೇಳ್ತೀನಿ. ವಾರಕ್ಕೊಮ್ಮೆ ನಿಮ್ಮ ಮಗುವಿನ ಜೊತೆ ಇನ್ನು ಯಾರು ಕೂರುತ್ತಾರೆ? ಅವರಲ್ಲಿ ನಿಮ್ಮ ಹಾಗೆ ಯೋಚಿಸದವರು ಒಬ್ಬರಾದರೂ ಇದ್ದಾರಾ? ಮತ್ತು ಬೇರೆಯವರ ಮಕ್ಕಳಿಗಾಗಿ ನಿಮ್ಮ ಶನಿವಾರ ಕೊಡ್ತೀರಾ?

ಮೂರನೆಯದಕ್ಕೆ ಹೆಚ್ಚಿನವರು ಸುಮ್ಮನಾಗ್ತಾರೆ. ಅವರಿಗೆ ನಾನು ಹೇಳೋದು, ಮಗುವನ್ನು ಶಾಲೆಗೇ ಕಳಿಸಿ, ತಪ್ಪೇನಿಲ್ಲ. ಕೊಡ್ತೀವಿ ಅನ್ನುವವರು ಒಮ್ಮೆ ಹೊಸಪೇಟೆಗೆ ಬನ್ನಿ. ಅಳಿಯ ಕಾಲೇಜಿಗೆ ಹೋದರೂ ನಮ್ಮ ಮಹಡಿಯ ಕ್ಲಾಸು ನಿಂತಿಲ್ಲ. ಈಗ ಏಳು ಮಕ್ಕಳಿದ್ದಾರೆ, ಕೆಮಿಸ್ಟ್ರಿಗೆ ಒಬ್ಬರು ಬೇಕಾಗಿದ್ದಾರೆ.