ನಿಮಗಿದು ಗೊತ್ತೆ? ಬೆಂಗಳೂರಿನ ಮೆಟಲ್ ತಂಡ ಯೂರೋಪ್ ತಲುಪಿದ್ದು ಹೀಗೆ

● ಹೆವಿ ಮೆಟಲ್ ಗಿಟಾರಿನ ಅಬ್ಬರಕ್ಕೆ ವಾದ್ಯವೃಂದ ಮತ್ತು ಆಪೆರಾ ಶೈಲಿಯ ಗಾಯನ ಬೆರೆತರೆ ಅದು ಸಿಂಫೋನಿಕ್ ಮೆಟಲ್. ಸ್ವೀಡನ್ನಿನ ಥೀರಿಯನ್ ಇದರ ಆದ್ಯ ತಂಡಗಳಲ್ಲೊಂದು. 1996ರಲ್ಲಿ ಫಿನ್ಲೆಂಡಿನ ಕಿಟೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ನೈಟ್‌ವಿಶ್ ಈ ಶೈಲಿಯನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿತು.

● ಅದಾಗಿ ಎರಡೇ ವರ್ಷಕ್ಕೆ, 1998ರಲ್ಲಿ, ಬೆಂಗಳೂರಿನಲ್ಲಿ ಕ್ರಿಪ್ಟೋಸ್ ಎಂಬ ತಂಡ ಹುಟ್ಟಿತು. ಕಟ್ಟಿದವರು ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ. ಇವರದು ವಾದ್ಯವೃಂದವಿಲ್ಲದ, ಗಿಟಾರನ್ನೇ ನಂಬಿದ ಅಪ್ಪಟ ಹೆವಿ ಮೆಟಲ್.

● ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಬಂದದ್ದು 2004ರಲ್ಲಿ. ಆರಂಭದ ಸಂಗೀತ ಥ್ರಾಶ್ (ವೇಗದ, ಒರಟು ಮೆಟಲ್) ಛಾಯೆಯದು, ರಚನೆಯೂ ಜಟಿಲ. 2016ರ ‘ಬರ್ನ್ ಅಪ್ ದ ನೈಟ್’ ಹೊತ್ತಿಗೆ ಅದು 1980ರ ದಶಕದ ನೇರ, ಗುನುಗುವಂಥ ಧಾಟಿಗೆ ಹೊರಳಿತ್ತು.

● 2010ರಲ್ಲಿ ತಂಡ ಯೂರೋಪ್ ಪ್ರವಾಸ ಕೈಗೊಂಡಿತು. 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕನ್ ಮೆಟಲ್ ಉತ್ಸವದ ವೇದಿಕೆಯನ್ನೂ ಏರಿತು. ಮುಂದೆ ಜರ್ಮನಿಯದೇ ಎಎಫ್‌ಎಂ ಸಂಸ್ಥೆ ಇವರ ಆಲ್ಬಂಗಳನ್ನು ಹೊರತಂದಿತು.

● ಬೆಂಗಳೂರಿನ ಇನ್ನೊಂದು ತಂಡ ಅಗಮ್. 2003ರಲ್ಲಿ ಹುಟ್ಟಿದ ಇದು ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೊಗ್ರೆಸಿವ್ ರಾಕ್‌ನೊಂದಿಗೆ ಬೆಸೆದು ತನ್ನದೇ ದಾರಿ ಕಂಡುಕೊಂಡಿತು.

● ಸಿನಿಮಾ ಹಾಡಿನ ಆಸರೆಯಿಲ್ಲದೆ, ಸ್ವಂತ ರಚನೆಗಳನ್ನೇ ನೆಚ್ಚಿ ಕ್ರಿಪ್ಟೋಸ್ ಕಾಲು ಶತಮಾನ ದಾಟಿದೆ. 2024ರಲ್ಲಿ ‘ಡೆಸಿಮೇಟರ್’ ಆಲ್ಬಂ ಬಿಡುಗಡೆಯಾಗಿದೆ. ತೆಲಂಗಾಣದ ಕಲ್ಹೇರ್, ನಾರಾಯಣಖೇಡ್, ಜಹೀರಾಬಾದಿನಂಥ ಗಡಿಭಾಗದ ಊರುಗಳಲ್ಲಿ ಗಿಟಾರ್ ಹಿಡಿದ ಎಳೆಯರೇ, ಸ್ವಂತ ಹಾಡು ಕಟ್ಟಿ; ಊರು ಚಿಕ್ಕದೆಂದು ಹಿಂಜರಿಯಬೇಡಿ.